ಪಲೆರ್ಮೊ ಪಟ್ಟಣದ ಸಂತ ರೊಸಾಲಿಯಾ

ಸಿಸಿಲಿ ದ್ವೀಪದಲ್ಲಿ ಹನ್ನೆರಡನೆಯ ಶತಮಾನದಲ್ಲಿ ರೊಸಾಲಿಯಾ ಎಂಬ ಕುಲೀನ ಕನ್ಯೆಯಿದ್ದಳು. ಆಕೆಯ ವಿಷಯವಾಗಿ ನಾವು ಬಲ್ಲದ್ದು ಬಹುಮಟ್ಟಿಗೆ ಪರಂಪರೆಯ ಕಥೆಯೇ. ತಂದೆಯು ಸಿನಿಬಾಲ್ಡೊ ಎಂಬ ಪ್ರಭು; ದೊರೆ ಎರಡನೆಯ ರೋಜರನ ಆಸ್ಥಾನದ ವೈಭವವು ಆಕೆಯ ಮುಂದಿದ್ದಿತು. ಆಕೆಯಾದರೋ ವಿವಾಹವನ್ನೂ ಐಶ್ವರ್ಯವನ್ನೂ ತೊರೆದು, ಮೊದಲು ಕ್ವಿಸ್ಕ್ವೀನಾ ಕಾಡಿನಲ್ಲಿಯೂ ತರುವಾಯ ಪಲೆರ್ಮೊ ಪಟ್ಟಣದ ಮಗ್ಗುಲಲ್ಲಿರುವ ಪೆಲ್ಲೆಗ್ರೀನೊ ಬೆಟ್ಟದ ಗವಿಯಲ್ಲಿಯೂ ಪ್ರಾರ್ಥನೆಯಲ್ಲಿ ಕಾಲ ಕಳೆದು, ಅಲ್ಲಿಯೇ ಏಕಾಂತವಾಗಿ ತೀರಿಕೊಂಡಳೆಂದು ಹೇಳುವರು.

1624ರಲ್ಲಿ ಪಲೆರ್ಮೊವನ್ನು ಪ್ಲೇಗು ಮುತ್ತಿತು. ರಾಜಪ್ರತಿನಿಧಿಯೇ ಅದಕ್ಕೆ ಬಲಿಯಾದನು. ಆ ವರ್ಷದ ಜುಲೈ 15ರಂದು ಗವಿಯಲ್ಲಿ ಎಲುಬುಗಳು ದೊರೆತವು. ಅವು ರೊಸಾಲಿಯಳವೆಂದು ನಿರ್ಣಯಿಸಿ, 1625ರ ಜೂನ್ 9ರಂದು ಬೀದಿಗಳಲ್ಲಿ ಮೆರವಣಿಗೆ ಮಾಡಿದರು. ಇಲಿಗಳ ಚಿಗಟಗಳಿಂದ ಪ್ಲೇಗು ಹರಡುವುದೆಂದು ಆಗ ಯಾರೂ ಅರಿತಿರಲಿಲ್ಲ. ವ್ಯಾಧಿಯು ಶಮನವಾದಾಗ ಜನರು ಅದನ್ನು ಆಕೆಯ ಬಿನ್ನಹದ ಫಲವೆಂದೆಣಿಸಿ, ಆಕೆಯನ್ನು ಪಟ್ಟಣದ ಪಾಲಕಿಯನ್ನಾಗಿ ಸ್ವೀಕರಿಸಿದರು. ಆಗ ಅಲ್ಲಿಯೇ ಇದ್ದ ಚಿತ್ರಕಾರ ವಾನ್ ಡೈಕನು ಆಕೆಯ ಹಲವು ಚಿತ್ರಗಳನ್ನು ಬರೆದನು.

ಇಂದಿಗೂ ಬೇಸಿಗೆಯಲ್ಲಿ, ಜುಲೈ 14ರ ರಾತ್ರಿ, ಆಕೆಯ ಪ್ರತಿಮೆಯನ್ನು ಹೊತ್ತ ದೊಡ್ಡ ರಥವು ಜನಸಾಗರದ ನಡುವೆ ಕಡಲ ದಡಕ್ಕೆ ಸಾಗುತ್ತದೆ. ಬಾಣಬಿರುಸುಗಳು ಆಕಾಶವನ್ನು ಬೆಳಗುತ್ತವೆ. ಮರುದಿನ ಅಸ್ಥಿಗಳಿರುವ ಬೆಳ್ಳಿಯ ಕರಂಡಕದ ಮೆರವಣಿಗೆಯಾಗುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಭಕ್ತರು, ಕೆಲವರು ಬರಿಗಾಲಿನಲ್ಲಿಯೇ, ಬೆಟ್ಟವನ್ನೇರುತ್ತಾರೆ.

ನಮ್ಮ ಹೆಣ್ಣುಮಕ್ಕಳು ಗವಿಯನ್ನು ಸೇರಬೇಕೆಂದು ನಾವು ಹೇಳುವವರಲ್ಲ. ಆದರೆ ತಂದೆತಾಯಿಗಳೇ, ಮಗಳ ಮನಸ್ಸನ್ನು ಕೇಳದೆ ಅವಳ ಬಾಳನ್ನು ನಿಶ್ಚಯಿಸುವುದಕ್ಕೆ ಮುಂಚೆ ಈ ಕನ್ಯೆಯನ್ನು ತುಸು ನೆನೆಯಿರಿ. ಅವಳಿಗೂ ದೇವರು ಒಂದು ಮನಸ್ಸಾಕ್ಷಿಯನ್ನು ಕೊಟ್ಟಿದ್ದಾನಷ್ಟೆ.