ಛಾಯಾಚಿತ್ರಗಾರ ರಾಜಾ ದೀನದಯಾಳರು

ನಮ್ಮ ಶಾಲೆಯ ಕಚೇರಿಯ ಕಪಾಟಿನಲ್ಲಿ ಹಳೆಯ ಭಾವಚಿತ್ರಗಳ ಪೆಟ್ಟಿಗೆಯೊಂದುಂಟು. ಈ ಸ್ಮರಣ ಸಂಚಿಕೆಗೆ ತಕ್ಕ ಚಿತ್ರಗಳನ್ನು ಆರಿಸುವುದಕ್ಕಾಗಿ ನಾವು ಅದನ್ನು ತೆರೆದೆವು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕುಟುಂಬಗಳು, ನಿಲುವಂಗಿ ಧರಿಸಿದ ಸಭಾಪಾಲಕರು, ಸಾಲುಸಾಲಾಗಿ ಕುಳಿತ ಶಾಲಾ ಬಾಲಕಿಯರು ಅದರಲ್ಲಿದ್ದರು. ಸಭಾಪಾಲಕರ ಹೆಸರುಗಳು ಚಿತ್ರಗಳ ಹಿಂಬದಿಯಲ್ಲಿ ಅಂದವಾಗಿ ಬರೆಯಲ್ಪಟ್ಟಿದ್ದವು. ಬಾಲಕಿಯರ ಹೆಸರುಗಳು ಮಾತ್ರ ಎಲ್ಲಿಯೂ ಇರಲಿಲ್ಲ. ಈ ಸೀಮೆಯು ಹೈದರಾಬಾದಿನ ನಿಜಾಮರ ಆಳಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಆ ರಾಜ್ಯದ ಮುಖಗಳನ್ನೂ ಅರಮನೆಗಳನ್ನೂ ಗಾಜಿನ ಫಲಕಗಳ ಮೇಲೆ ಮೂಡಿಸಿದ ಮಹನೀಯರೊಬ್ಬರು ಆಗ ನಮ್ಮ ನೆನಪಿಗೆ ಬಂದರು. ಅವರೇ ರಾಜಾ ದೀನದಯಾಳರು. ಅವರ ಜೀವನವೃತ್ತಾಂತವನ್ನು ನಮ್ಮ ಬಾಲಕಿಯರ ತಿಳಿವಿಗಾಗಿ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ದೀನದಯಾಳರು 1844ರಲ್ಲಿ ಮೀರತ್ ನಗರದ ಸಮೀಪದ ಸರ್ಧಾನದಲ್ಲಿ ಜನಿಸಿದರು. ಬೇಗಂ ಸಮ್ರೂ ಎಂಬ ರಾಣಿಯು ಕಟ್ಟಿಸಿದ ದೇವಾಲಯದಿಂದ ಆ ಊರು ಕ್ರೈಸ್ತ ಲೋಕದಲ್ಲಿ ಪ್ರಸಿದ್ಧವಾಗಿರುತ್ತದೆ. ಇವರದು ಜೈನ ಮನೆತನವು. ರತ್ನ ವ್ಯಾಪಾರವು ಕುಲವೃತ್ತಿಯು. ಬಾಲಕನು ಆ ವೃತ್ತಿಯನ್ನು ಹಿಡಿಯದೆ ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತನು. ಬಳಿಕ ಇಂದೂರಿನಲ್ಲಿ ಸರಕಾರದ ಕಟ್ಟಡ ಇಲಾಖೆಯಲ್ಲಿ ನಕ್ಷೆ ಬರೆಯುವ ಮತ್ತು ಖರ್ಚಿನ ಅಂದಾಜು ಮಾಡುವ ಉದ್ಯೋಗವು ದೊರೆಯಿತು. ಅಳತೆಯಲ್ಲಿ ಪಳಗಿದ ಕಣ್ಣು ಮುಂದೆ ಛಾಯಾಚಿತ್ರದ ಕಲೆಯಲ್ಲಿ ಅವರಿಗೆ ಬಹಳ ಸಹಾಯಕವಾಯಿತು.

ಆ ಕಾಲದಲ್ಲಿ ಛಾಯಾಚಿತ್ರವನ್ನು ತೆಗೆಯುವುದೆಂದರೆ ಸುಲಭದ ಮಾತಾಗಿರಲಿಲ್ಲ. ಗಾಜಿನ ಫಲಕಕ್ಕೆ ಕತ್ತಲೆಯಲ್ಲಿ ರಸವನ್ನು ಲೇಪಿಸಿ, ಅದು ಒಣಗುವ ಮುನ್ನವೇ ಚಿತ್ರವನ್ನು ಹಿಡಿದು, ಕೂಡಲೇ ತೊಳೆಯಬೇಕಾಗಿತ್ತು. ಊರಿಂದೂರಿಗೆ ಹೋಗುವಾಗ ಡೇರೆ, ರಸಾಯನ ದ್ರವ್ಯಗಳು, ನೀರು, ಭಾರವಾದ ಗಾಜುಗಳು ಇವೆಲ್ಲವನ್ನೂ ಹೊತ್ತೊಯ್ಯಬೇಕು. ಎದುರಿಗೆ ಕುಳಿತವರು ಅಲುಗಿದರೆ ಮುಖವು ಮಸುಕಾಗುವುದು. ಒಣ ಫಲಕಗಳು ಬಳಕೆಗೆ ಬಂದ ತರುವಾಯ ಈ ಕಷ್ಟವು ಕಡಿಮೆಯಾಯಿತು. ನಮ್ಮ ಹಿರಿಯರು ಹಳೆಯ ಚಿತ್ರಗಳಲ್ಲಿ ನಗದೆ ಬಿಗಿಯಾಗಿ ಕುಳಿತಿರುವುದಕ್ಕೆ ಈ ಅಭ್ಯಾಸವೂ ಒಂದು ಕಾರಣವೆಂದು ನಾವು ಎಣಿಸುತ್ತೇವೆ.

ಇಂದೂರಿನ ಮಹಾರಾಜ ತುಕೋಜಿರಾವ್ ಹೋಳ್ಕರರೂ ಸರ್ ಹೆನ್ರಿ ಡೇಲಿಯವರೂ ದೀನದಯಾಳರಿಗೆ ಪ್ರೋತ್ಸಾಹವನ್ನಿತ್ತರು. ಸರ್ ಲೆಪೆಲ್ ಗ್ರಿಫಿನ್ನರ ಸಂಗಡ ಮಧ್ಯಭಾರತದಲ್ಲಿ ಸಂಚರಿಸಿ ಅವರು ತೆಗೆದ ಪ್ರಾಚೀನ ಕಟ್ಟಡಗಳ ಚಿತ್ರಗಳು 1886ರಲ್ಲಿ ಗ್ರಂಥರೂಪವಾಗಿ ಪ್ರಕಟವಾದವು. ಇದಾದ ಬಳಿಕ ಅವರು ಸರಕಾರದ ನೌಕರಿಯನ್ನು ಬಿಟ್ಟು ಸ್ವಂತ ಕಲೆಯನ್ನೇ ನಂಬಿದರು. ಸಿಕಂದರಾಬಾದಿನಲ್ಲಿ ಅವರ ಚಿತ್ರಶಾಲೆಯು ಸ್ಥಾಪಿತವಾಯಿತು. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿಖಾನರು ಅವರನ್ನು ಆಸ್ಥಾನದ ಛಾಯಾಚಿತ್ರಗಾರರನ್ನಾಗಿ ನೇಮಿಸಿಕೊಂಡರು. ದರ್ಬಾರು, ಬೇಟೆ, ಸೈನ್ಯದ ಕವಾಯತು, ಫಲಕನುಮಾ ಅರಮನೆ, ಅಮೀರರ ಕುಟುಂಬಗಳು, ಮಂತ್ರಿಗಳು ಇವೆಲ್ಲವೂ ಅವರ ಗಾಜಿನಲ್ಲಿ ಮೂಡಿ ನಿಂತವು. ನಿಜಾಮರು ಅವರಿಗೆ ರಾಜಾ ಎಂಬ ಬಿರುದನ್ನಿತ್ತರು. 1897ರಲ್ಲಿ ವಿಕ್ಟೋರಿಯಾ ಮಹಾರಾಣಿಯವರ ಸನ್ನದೂ ದೊರೆಯಿತು. ಮುಂಬಯಿಯಲ್ಲಿಯೂ ಅವರು ಒಂದು ಚಿತ್ರಶಾಲೆಯನ್ನು ತೆರೆದರು.

ಇಷ್ಟೆಲ್ಲಾ ಮನ್ನಣೆಗಿಂತಲೂ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವ ಕಾರ್ಯವೊಂದು ಬೇರೆ ಇದೆ. ಗೋಷಾದಲ್ಲಿರುವ ಸ್ತ್ರೀಯರು ಪರಪುರುಷನ ಎದುರಿಗೆ ಬರುವಂತಿರಲಿಲ್ಲ. ಆದಕಾರಣ ದೊಡ್ಡ ಮನೆತನಗಳಲ್ಲಿ ತಂದೆಗೂ ಮಗನಿಗೂ ಚಿತ್ರವಿದ್ದು, ತಾಯಿಗೂ ಮಗಳಿಗೂ ಚಿತ್ರವಿಲ್ಲದೆ ಹೋಗುತ್ತಿತ್ತು. ದೀನದಯಾಳರು ಈ ಪದ್ಧತಿಯನ್ನು ಹಳಿಯುತ್ತ ಕೂಡಲಿಲ್ಲ. 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಎತ್ತರವಾದ ಗೋಡೆಗಳುಳ್ಳ ಜನಾನಾ ಚಿತ್ರಶಾಲೆಯೊಂದನ್ನು ತೆರೆದು, ಅದರ ಆಡಳಿತವನ್ನು ಶ್ರೀಮತಿ ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಅಲ್ಲಿ ಚಿತ್ರ ತೆಗೆಯುವವರೂ ಸ್ತ್ರೀಯರೇ. ಬಾಗಿಲು ಮುಚ್ಚಿದ್ದ ಕಡೆ ಕೀಲಿಕೈಯನ್ನು ಸ್ತ್ರೀಯ ಕೈಗೆ ಕೊಟ್ಟ ಈ ವಿವೇಕವನ್ನು ನಾವು ಬಹಳವಾಗಿ ಮೆಚ್ಚುತ್ತೇವೆ.

ಕೊನೆಯ ದಿನಗಳಲ್ಲಿ ಅವರಿಗೆ ದುಃಖವು ಒದಗಿತು. ಇದೇ ಕಲೆಯಲ್ಲಿ ತರಬೇತಾಗಿದ್ದ ಮಗ ಧರ್ಮಚಂದರು 1904ರಲ್ಲಿ ತೀರಿಕೊಂಡರು. ಮರುವರ್ಷ ಜುಲೈ 5ರಂದು ದೀನದಯಾಳರೂ ಮುಂಬಯಿಯಲ್ಲಿ ಮೃತರಾದರು. ತಮ್ಮ ಫಲಕಗಳಿಗೆ ಅವರು ಕ್ರಮವಾಗಿ ಸಂಖ್ಯೆಯನ್ನೂ ವಿವರವನ್ನೂ ಬರೆದಿಡುತ್ತಿದ್ದರು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಅವರ 2857 ಗಾಜಿನ ಫಲಕಗಳನ್ನು ಕೊಂಡು ರಕ್ಷಿಸಿತು. 2006ರಲ್ಲಿ ಅವರ ನೆನಪಿಗೆ ಅಂಚೆಚೀಟಿಯು ಹೊರಟಿತು.

ಈಗ ನಮ್ಮ ಪೆಟ್ಟಿಗೆಯ ಮಾತು. ಚಿತ್ರಗಳನ್ನು ಮೇಜಿನ ಮೇಲೆ ಹರಡಿದ್ದ ದಿನ, ಮೊಮ್ಮಗಳ ಫೀಸು ಕಟ್ಟಲು ಜೇವರ್ಗಿ ಕಡೆಯ ವೃದ್ಧೆಯೊಬ್ಬರು ಬಂದಿದ್ದರು. ಅವರು ಎರಡನೆಯ ಸಾಲಿನ ಬಾಲಕಿಯೊಬ್ಬಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನಿಂತರು. ಆಕೆ ಅವರ ಅಕ್ಕನಂತೆ. ಮೊದಲ ಹೆರಿಗೆಯಲ್ಲಿಯೇ ತೀರಿಕೊಂಡವಳಂತೆ. ಮನೆಯಲ್ಲಿ ಆಕೆಯ ಬೇರೊಂದು ಚಿತ್ರವೂ ಇಲ್ಲವಂತೆ. ನಾವು ಅಕ್ಕನ ಹೆಸರನ್ನು ಕೇಳಿ, ಅವರೆದುರಿಗೇ ಚಿತ್ರದ ಹಿಂಬದಿಯಲ್ಲಿ ಬರೆದೆವು. ಚಿತ್ರದ ಪ್ರತಿಯೊಂದನ್ನು ಅವರಿಗೆ ಕೊಟ್ಟು ಕಳುಹಿಸಿದೆವು. ಅದೇ ಸಾಲಿನಲ್ಲಿ ಇನ್ನೂ ಹನ್ನೊಂದು ಮಂದಿ ಹೆಸರಿಲ್ಲದೆ ಕುಳಿತಿದ್ದಾರೆ.

ಪ್ರಿಯ ಬಾಲಕಿಯರೇ, ದೀನದಯಾಳರು ಬಹುಮಟ್ಟಿಗೆ ಅರಸರ ಮತ್ತು ಅಮೀರರ ಚಿತ್ರಗಳನ್ನು ತೆಗೆದರು. ಅವರ ಹೆಸರುಗಳು ಉಳಿದವು. ನಮ್ಮ ನಿಮ್ಮ ಮನೆಯವರ ಹೆಸರುಗಳನ್ನು ಉಳಿಸುವವರು ನಾವೇ. ಈ ವರ್ಷದ ಶಾಲೆಯ ಚಿತ್ರದ ಕೆಳಗೆ ನಿಮ್ಮ ನಿಮ್ಮ ಹೆಸರನ್ನೂ ಊರನ್ನೂ ನೀವೇ ಸ್ವಹಸ್ತದಿಂದ ಬರೆಯತಕ್ಕದ್ದೆಂದು ಗೊತ್ತುಮಾಡಿದ್ದೇವೆ. ರಜೆಗೆ ಊರಿಗೆ ಹೋದಾಗ ಅಜ್ಜಿಯವರ ಬಳಿ ಕುಳಿತು, ಮನೆಯ ಹಳೆಯ ಚಿತ್ರಗಳಲ್ಲಿರುವವರು ಯಾರು ಯಾರೆಂದು ಕೇಳಿ ಬರೆದುಕೊಳ್ಳಿರಿ. ಹೇಳುವವರು ಇರುವಾಗಲೇ ಕೇಳಬೇಕು.