ಕಡಲಿಲ್ಲದ ನಾಡಿನ ನೌಕಾಶಾಸ್ತ್ರಜ್ಞ: ಲಿಯೊನಾರ್ಡ್ ಆಯ್ಲರ್

ಸಿರುಮುಗೈ ಬದಿಯಲ್ಲಿ ಹರಿಯುವ ಭವಾನಿಯಂಥ ಹೊಳೆಯಲ್ಲಿ ಹರಿಗೋಲು ಹತ್ತಿದವರಿಗೆ ಅಂಬಿಗನು ಮೊದಲು ತೋರಿಸುವುದು ಕೂರುವ ಜಾಗವನ್ನು. ಕೂತವರ ಒಟ್ಟು ಭಾರ ಅಷ್ಟೇ ಇದ್ದರೂ, ಎಲ್ಲರೂ ನಡುವೆ ಒತ್ತಾಗಿ ಕೂತರೆ ಹರಿಗೋಲು ಚುರುಕಾಗಿ ತೊನೆಯುತ್ತದೆ. ಅಂಚಿನ ಸುತ್ತ ಹರಡಿ ಕೂತರೆ ನಿಧಾನವಾಗಿ ತೊನೆಯುತ್ತದೆ. ಈ ವ್ಯತ್ಯಾಸದ ಮೂಲದಲ್ಲಿರುವ ಪರಿಮಾಣಕ್ಕೆ ಹೆಸರಿಟ್ಟು ಶಾಸ್ತ್ರವಾಗಿ ಬೆಳೆಸಿದವನು ಕಡಲತೀರವೇ ಇಲ್ಲದ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಲಿಯೊನಾರ್ಡ್ ಆಯ್ಲರ್.

ಆತನ ಜನನ 1707ರ ಏಪ್ರಿಲ್ 15ರಂದು, ಬಾಸೆಲ್ ನಗರದಲ್ಲಿ. ಪಾದ್ರಿಯಾಗಿದ್ದ ತಂದೆಗೆ ಮಗನೂ ತನ್ನ ದಾರಿ ಹಿಡಿಯಲೆಂಬ ಆಸೆಯಿತ್ತು. ಗುರು ಯೋಹಾನ್ ಬೆರ್ನೂಲಿಯು ತಂದೆಯ ಮನವೊಲಿಸಿದ್ದರಿಂದ ಗಣಿತಕ್ಕೆ ಆಯ್ಲರ್ ದಕ್ಕಿದನು. ಹಡಗಿನ ಪಟಸ್ತಂಭಗಳನ್ನು ಹೇಗೆ ನಿಲ್ಲಿಸಿದರೆ ಉತ್ತಮ ಎಂಬ ಪ್ರಶ್ನೆಗೆ ಪ್ಯಾರಿಸ್ ಅಕಾಡೆಮಿ 1727ರಲ್ಲಿ ಬಹುಮಾನ ಇಟ್ಟಾಗ, ಕಡಲ ಹಡಗನ್ನು ಕಣ್ಣಾರೆ ಕಾಣದ ಇಪ್ಪತ್ತರ ತರುಣನು ಪ್ರಬಂಧ ಕಳುಹಿಸಿದನು. ಬಹುಮಾನ ಪಿಯೆರ್ ಬೂಗೇ ಪಾಲಾಯಿತು. ಆಯ್ಲರ್‌ಗೆ ದೊರೆತದ್ದು ಮೆಚ್ಚುಗೆಯ ಮನ್ನಣೆ. ಅದೇ ವರ್ಷ ಆತ ಸೇಂಟ್ ಪೀಟರ್ಸ್‌ಬರ್ಗ್ ಸೇರಿದನು.

ಹಡಗಿನ ಪ್ರಶ್ನೆ ಮಾತ್ರ ಆತನನ್ನು ಬಿಡಲಿಲ್ಲ. ಬೂಗೇಯ ನೌಕಾಗ್ರಂಥ 1746ರಲ್ಲಿ ಹೊರಬಂದರೆ, ಎಷ್ಟೋ ಮೊದಲೇ ಬರೆದಿಟ್ಟಿದ್ದ ಆಯ್ಲರ್‌ನ ಎರಡು ಸಂಪುಟಗಳ 'ಸಿಯೆಂಟಿಯಾ ನವಾಲಿಸ್' 1749ರಲ್ಲಿ ಅಚ್ಚಾಯಿತು. ಒಬ್ಬರದನ್ನೊಬ್ಬರು ನೋಡದೆಯೇ ಇಬ್ಬರೂ ತೇಲುವ ಕಾಯದ ಸ್ಥಿರತೆಯನ್ನು ಲೆಕ್ಕಕ್ಕೆ ತಂದಿದ್ದರು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ವಾಲಿದ ಹಡಗನ್ನು ಮರಳಿ ನೆಟ್ಟಗೆ ನಿಲ್ಲಿಸುವುದು ನೀರಿನ ಮಟ್ಟದಲ್ಲಿ ಅದರ ಅಗಲ ಮತ್ತು ಅದರ ಗುರುತ್ವಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಅದು ಎಷ್ಟು ತಡವಾಗಿ ಮರಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಪ್ರತಿ ಕಣದ ದ್ರವ್ಯರಾಶಿಯನ್ನು ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಎಲ್ಲವನ್ನೂ ಕೂಡಬೇಕು; ದೂರ ಇಮ್ಮಡಿಯಾದರೆ ಕಣದ ಕೊಡುಗೆ ನಾಲ್ಮಡಿ. ಹ್ಯೂಗನ್ಸ್ ಲೋಲಕದ ಲೆಕ್ಕದಲ್ಲಿ ಬಳಸಿದ್ದ ಈ ಮೊತ್ತಕ್ಕೆ ಜಡತ್ವದ ಭ್ರಾಮಕ, ಅಂದರೆ ಇಂದಿನ ತರಗತಿಯ ಮೊಮೆಂಟ್ ಆಫ್ ಇನರ್ಷಿಯ, ಎಂಬ ಹೆಸರು ಬಂದದ್ದು ಆಯ್ಲರ್‌ನಿಂದ. 1765ರ ಗ್ರಂಥದಲ್ಲಿ ಆತ ಗುರುತ್ವಕೇಂದ್ರದ ಮೂಲಕ ಹಾಯುವ, ಒಂದಕ್ಕೊಂದು ಲಂಬವಾದ ಮೂರು ಪ್ರಧಾನ ಅಕ್ಷಗಳನ್ನು ವಿವರಿಸಿದನು. ಅವುಗಳನ್ನು ಮೊದಲು ಗುರುತಿಸಿದ ಶ್ರೇಯಸ್ಸು ಸೆಗ್ನರ್‌ನದು.

ಇಂದು ಕಂಪ್ಯೂಟರಿನಲ್ಲಿ ತೇಲುವ ಕಾಯದ ಚಲನೆಯನ್ನು ಅನುಕರಿಸುವವರೂ ದ್ರವ್ಯರಾಶಿ, ಗುರುತ್ವಕೇಂದ್ರಗಳ ಜೊತೆಗೆ ಈ ಭ್ರಾಮಕಗಳನ್ನು ಉಣಿಸಲೇಬೇಕು. ಹೊಸಬರು ಎಡವುವುದು ಇಲ್ಲಿಯೇ: ನೀರಿನ ಮಟ್ಟದ ಕ್ಷೇತ್ರಫಲದ ಭ್ರಾಮಕವನ್ನು ದ್ರವ್ಯರಾಶಿಯದೆಂದು ತಿಳಿಯುತ್ತಾರೆ, ಇಲ್ಲವೇ ಗುರುತ್ವಕೇಂದ್ರದ ಬದಲು ಹಡಗಿನ ತಳದಿಂದ ದೂರವನ್ನು ಅಳೆಯುತ್ತಾರೆ. ಆಗ ಭಾರ ಸರಿಯಿದ್ದೂ ಪರದೆಯ ಮೇಲಿನ ಹಡಗು ತಪ್ಪು ಲಯದಲ್ಲಿ ಹೊಯ್ದಾಡುತ್ತದೆ.

1741ರಲ್ಲಿ ಬರ್ಲಿನ್‌ಗೆ ಹೋಗುವ ಮುನ್ನವೇ ಆಯ್ಲರ್‌ನ ಬಲಗಣ್ಣು ಹೋಗಿತ್ತು. 1766ರಲ್ಲಿ ಪೀಟರ್ಸ್‌ಬರ್ಗಿಗೆ ಮರಳಿದ ಮೇಲೆ ಎಡಗಣ್ಣನ್ನೂ ಪೊರೆ ಕವಿಯಿತು. 1771ರ ಶಸ್ತ್ರಚಿಕಿತ್ಸೆ ಕೊಟ್ಟ ಬೆಳಕು ಕೆಲವೇ ದಿನಗಳದಾಯಿತು. ಅದೇ ವರ್ಷ ಮನೆಗೆ ಬೆಂಕಿ ಬಿದ್ದಾಗ, ಬಾಸೆಲ್‌ನವನೇ ಆದ ಪೀಟರ್ ಗ್ರಿಮ್ ಎಂಬವನು ಅಂಧ ವೃದ್ಧನನ್ನು ಹೊತ್ತು ಹೊರತಂದನು. ಗ್ರಂಥಭಂಡಾರ ಸುಟ್ಟಿತು, ಹಸ್ತಪ್ರತಿಗಳಲ್ಲಿ ಹೆಚ್ಚಿನವು ಉಳಿದವು. ಮುಂದೆ ಆತ ಬಾಯಲ್ಲಿ ಹೇಳುತ್ತಿದ್ದುದನ್ನು ಮಗನೂ ಶಿಷ್ಯರೂ ಬರೆದುಕೊಂಡರು. ನಾವಿಕರಿಗೂ ತಿಳಿಯುವಂತೆ ಫ್ರೆಂಚಿನಲ್ಲಿ ರಚಿಸಿದ ಹಡಗುಶಾಸ್ತ್ರದ ಕಿರುಗ್ರಂಥ ಪ್ರಕಟವಾದದ್ದು 1773ರಲ್ಲಿ.

1783ರ ಸೆಪ್ಟೆಂಬರ್ 18ರಂದು, ಹೊಸದಾಗಿ ಕಂಡುಬಂದಿದ್ದ ಯುರೇನಸ್ ಗ್ರಹದ ಪಥವನ್ನು ಕುರಿತು ಶಿಷ್ಯನೊಡನೆ ಚರ್ಚಿಸಿದ ಆಯ್ಲರ್ ಅಂದೇ ಕುಸಿದು, ರಾತ್ರಿ ತೀರಿಕೊಂಡನು.