ಜರಡಿ ಹಿಡಿದ ಟಿಪ್ಪಣಿಗಳು

ಇಮಾಮ್ ಗಝಾಲಿ(ರ)ಯವರ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ವಿದ್ಯಾರ್ಥಿಯಾಗಿದ್ದಾಗಿನ ಅವರ ನೋಟ್ಸ್‌ನ ಕಥೆ ಓದಿದ ಮೇಲೆ ನನಗೆ ಅವರು ಇನ್ನಷ್ಟು ಹತ್ತಿರದವರಾದರು.

ಅವರು ಜನಿಸಿದ್ದು 1058ರಲ್ಲಿ, ಇಂದಿನ ಇರಾನಿನಲ್ಲಿರುವ ತೂಸ್‌ನಲ್ಲಿ. ತಂದೆ ಉಣ್ಣೆ ನೂತು ಮಾರುತ್ತಿದ್ದವರು. ಮಕ್ಕಳು ಚಿಕ್ಕವರಿರುವಾಗಲೇ ತೀರಿಕೊಂಡರು. ಅವರು ಬಿಟ್ಟುಹೋದ ಅಲ್ಪ ಹಣ ಮುಗಿದಾಗ, ಊಟ ವಸತಿ ಸಿಗುತ್ತದೆಂದು ಗಝಾಲಿ ಮತ್ತು ತಮ್ಮ ಅಹ್ಮದ್ ಮದ್ರಸಾ ಸೇರಿದರು.

ಮುಂದೆ ಜುರ್ಜಾನ್‌ನಲ್ಲಿ ಓದಿ, ಉಸ್ತಾದರ ಪಾಠಗಳನ್ನೆಲ್ಲ ಬರೆದುಕೊಂಡು ಊರಿಗೆ ಮರಳುವಾಗ ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ದೋಚಿದರಂತೆ. ಗಝಾಲಿ ಅವರ ಬೆನ್ನುಹತ್ತಿ, ಬೇರೇನೂ ಬೇಡ, ಟಿಪ್ಪಣಿಗಳ ಚೀಲವೊಂದನ್ನು ಕೊಟ್ಟುಬಿಡಿ ಎಂದು ಬೇಡಿಕೊಂಡರು. ನಾಯಕ ನಕ್ಕುಬಿಟ್ಟ. ಚೀಲದ ಜೊತೆಗೇ ಹೋಗಿಬಿಡುವ ವಿದ್ಯೆ ಎಂಥದು ಎಂದು ಹಂಗಿಸಿ ಅದನ್ನು ಹಿಂದಿರುಗಿಸಿದ. ತೂಸ್‌ಗೆ ಬಂದ ಗಝಾಲಿ ಮೂರು ವರ್ಷ ಕೂತು ಅಷ್ಟನ್ನೂ ಕಂಠಪಾಠ ಮಾಡಿದರೆಂದು ಚರಿತ್ರೆಕಾರರು ಬರೆದಿದ್ದಾರೆ.

ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನನಗೆ ಮುಖ್ಯವೆನಿಸುವುದು ಇದರ ಮುಂದಿನದು. ನಿಶಾಪುರದಲ್ಲಿ ಅವರು ಇಮಾಮುಲ್ ಹರಮೈನ್ ಜುವೈನಿಯವರ ಶಿಷ್ಯರಾದರು. ಅಲ್ಲಿ ಕೇಳಿದ ಉಸೂಲುಲ್ ಫಿಕ್‌ಹ್ ಪಾಠಗಳ ಟಿಪ್ಪಣಿಗಳಿಂದ ಒಂದು ಪುಸ್ತಕ ಮಾಡಿ 'ಅಲ್ ಮನ್‌ಖೂಲ್' ಎಂದು ಹೆಸರಿಟ್ಟರು. ಹಾಗೆಂದರೆ ಜರಡಿ ಹಿಡಿದದ್ದು. ಮನೆಯಲ್ಲಿ ಉಮ್ಮ ಹಿಟ್ಟು ಜರಡಿ ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ತೌಡು ಮೇಲೆ ಉಳಿಯುತ್ತದೆ, ಹಿಟ್ಟು ಕೆಳಗಿಳಿಯುತ್ತದೆ. ಕಂಠಪಾಠಕ್ಕೆ ನೆನಪಿದ್ದರೆ ಸಾಕು. ಜರಡಿ ಹಿಡಿಯಲು ಇಡೀ ಪಾಠ ಅರ್ಥವಾಗಿರಬೇಕು, ಯಾವುದನ್ನು ಬಿಡಬಹುದೆಂದು ಗೊತ್ತಾಗುವುದು ಆಗಲೇ. ಮೊಬೈಲಿನಲ್ಲಿ ಪಿಡಿಎಫ್‌ಗಳ ರಾಶಿ ಹಾಕಿಕೊಂಡಿರುವ ನಮಗೆ ಇದು ಸುಲಭವಲ್ಲ!

1091ರಲ್ಲಿ ವಝೀರ್ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯಾಕ್ಕೆ ನೇಮಿಸಿದರು. ಮುನ್ನೂರು ವಿದ್ಯಾರ್ಥಿಗಳು, ಎಲ್ಲೆಡೆ ಹೆಸರು. ಆದರೆ ಈ ಪಾಠವೆಲ್ಲ ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಎಷ್ಟು ಕಾಡಿತೆಂದರೆ, 1095ರಲ್ಲಿ ನಾಲಿಗೆಯೇ ಕಟ್ಟಿಹೋಯಿತು. ತರಗತಿಯಲ್ಲಿ ಒಂದು ಮಾತೂ ಹೊರಡಲಿಲ್ಲ. ಹುದ್ದೆ ಬಿಟ್ಟು ಡಮಾಸ್ಕಸ್, ಜೆರುಸಲೇಮ್, ಮಕ್ಕಾಗಳಿಗೆ ಹೋದರು. 'ಇಹ್ಯಾ ಉಲೂಮಿದ್ದೀನ್' ಹುಟ್ಟಿದ್ದು ಆ ಬಿಕ್ಕಟ್ಟಿನ ನಂತರ. ಅದರ 40 ಭಾಗಗಳಲ್ಲಿ ನಮಾಝ್, ಊಟದ ಶಿಷ್ಟಾಚಾರ, ಕೋಪ, ಅಸೂಯೆ, ತೌಬಾ ಎಲ್ಲವೂ ಇವೆ. ಈ ಸಲ ಜರಡಿಗೆ ಬಿದ್ದದ್ದು ಅವರದೇ ಬದುಕು.

ಮುಂದೆ ಸ್ವಲ್ಪ ಕಾಲ ನಿಶಾಪುರದಲ್ಲಿ ಕಲಿಸಿ, 1111ರಲ್ಲಿ ತೂಸ್‌ನಲ್ಲೇ ನಿಧನರಾದರು.

ಅವರಿಗೆ ಒಬ್ಬ ಹಳೆಯ ಶಿಷ್ಯನಿದ್ದ. ವರ್ಷಗಟ್ಟಲೆ ಓದಿದ್ದ ಅವನು, ಕಲಿತದ್ದರಲ್ಲಿ ನಾಳೆ ಕಬರಿನಲ್ಲಿ ಜೊತೆಗಿರುವುದು ಯಾವುದು, ಬಿಟ್ಟುಬಿಡಬೇಕಾದದ್ದು ಯಾವುದು ಎಂದು ಬರೆದು ಕೇಳಿದ. ಅದಕ್ಕೆ ಗಝಾಲಿ ಬರೆದ ಉತ್ತರವೇ 'ಅಯ್ಯುಹಲ್ ವಲದ್'. ಇಹ್ಯಾದ ಸಂಪುಟಗಳನ್ನು ಕಂಡು ಅಂಜುವವರು ಇದರಿಂದ ಶುರು ಮಾಡಬಹುದು. ಒಂದು ಸಂಜೆಯಲ್ಲಿ ಓದಿ ಮುಗಿಯುವಷ್ಟೇ ಇದೆ.